ಯೇಸುದಾಸರ ಮೊದಲ ಹೆಜ್ಜೆಗಳು



ಹೆಬ್ಬಾಳ, ಯಲಹಂಕಗಳ ಕಡೆಯ ನಮ್ಮ ಮನೆಗಳಲ್ಲಿ ಯೇಸುದಾಸರ ಕನ್ನಡ ಹಾಡುಗಳನ್ನು ಕೇಳದವರು ವಿರಳ. ಆ ಕಂಠವು ಬೆಳೆದು ಬಂದ ಬಗೆಯನ್ನು ಈ ಶತಮಾನೋತ್ಸವದ ಸಂದರ್ಭದಲ್ಲಿ ಕೊಂಚ ನೆನೆಯೋಣ.

1940ರ ಜನವರಿ 10ರಂದು ಫೋರ್ಟ್ ಕೊಚ್ಚಿಯ ಕಥೋಲಿಕ ಕುಟುಂಬವೊಂದರಲ್ಲಿ ಅವರ ಜನನ. ತಂದೆ ಆಗಸ್ಟೀನ್ ಜೋಸೆಫರು ಮಲಯಾಳ ರಂಗಭೂಮಿಯ ಹೆಸರಾಂತ ನಟ, ಗಾಯಕರು. ಮಗನ ಮೊದಲ ಗುರುಗಳೂ ಅವರೇ. ಕಲಿಸಿದ್ದು ಕರ್ನಾಟಕ ಸಂಗೀತವನ್ನು. ತೃಪ್ಪುಣಿತ್ತುರದ ಆರ್.ಎಲ್.ವಿ. ಸಂಗೀತ ವಿದ್ಯಾಲಯದ ವ್ಯಾಸಂಗವೇನೋ ಮುಗಿಯಿತು. ತಿರುವನಂತಪುರದಲ್ಲಿ ಮುಂದುವರಿಸಿದ ಅಭ್ಯಾಸವು ಹಣದ ಮುಗ್ಗಟ್ಟಿನಿಂದ ನಡುವೆಯೇ ನಿಂತುಹೋಯಿತು. ಅಲ್ಲಿನ ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿಯೂ ಅವರು ತೇರ್ಗಡೆಯಾಗಲಿಲ್ಲ!

ಮದರಾಸಿನಲ್ಲಿ ಮೊದಲ ಧ್ವನಿಮುದ್ರಣವಾದದ್ದು 1961ರ ನವೆಂಬರ್ 14ರಂದು, ‘ಕಾಲ್ಪಾಡುಗಳ್’ ಚಿತ್ರಕ್ಕಾಗಿ. ಸಂಗೀತ ಎಂ.ಬಿ. ಶ್ರೀನಿವಾಸನ್ ಅವರದು. ಆ ಕ್ರೈಸ್ತ ತರುಣನ ಪಾಲಿಗೆ ಬಂದದ್ದು ಜಾತಿಮತಗಳ ಭೇದವನ್ನು ಅಲ್ಲಗಳೆಯುವ ಶ್ರೀನಾರಾಯಣ ಗುರುಗಳ ಪದ್ಯ.

ಚೆಂಬೈ ವೈದ್ಯನಾಥ ಭಾಗವತರ ಶಿಷ್ಯತ್ವ ದೊರೆತದ್ದು ಆಮೇಲೆ. ಚಿತ್ರರಂಗದಲ್ಲಿ ಹೆಸರಾದ ಬಳಿಕವೂ ಗುರುವಿನೆದುರು ಕುಳಿತು ಕಲಿತರೆಂಬುದು ನಮಗೆ ಎಲ್ಲಕ್ಕಿಂತ ಹಿರಿದಾಗಿ ತೋರುತ್ತದೆ. ನಮ್ಮ ಗಾನವೃಂದದ ಎಳೆಯರು ಇದನ್ನು ಗಮನಿಸಬೇಕು. ಮುಂದೆ, ನಮ್ಮ ನಾಡಿನ ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯಲ್ಲಿ ಹುಟ್ಟುಹಬ್ಬದಂದು ಹಾಡುವ ಪರಿಪಾಠವನ್ನು ಅವರು ದಶಕಗಳ ಕಾಲ ನಡೆಸಿಕೊಂಡು ಬಂದರು.