ಮಾತಾಡಿಸಿಕೊಂಡು ಬರುವವರು



ಸಾವಾದ ಮನೆಗೆ ಹೋಗಿ ಮಾತಾಡಿಸಿಕೊಂಡು ಬರುವುದು ನಮ್ಮಲ್ಲಿ ಹಳೆಯ ರೂಢಿ. ವಯಸ್ಸಾದವರು ತೀರಿಕೊಂಡಿದ್ದರೆ ಮಾತು ತಾನಾಗಿ ಬರುತ್ತದೆ. ಹರೆಯದ ಮಗ ಅಪಘಾತದಲ್ಲಿ ಹೋಗಿದ್ದರೆ ಬಂದವರಿಗೆ ಬಾಯಿ ಕಟ್ಟುತ್ತದೆ. ಆತ್ಮಹತ್ಯೆಯಾಗಿದ್ದರಂತೂ ನೆಂಟರಿಗಿಂತ ಮುಂಚೆ ಪೊಲೀಸರು ಬರುತ್ತಾರೆ: ಮಹಜರು, ಮರಣೋತ್ತರ ಪರೀಕ್ಷೆ, ಅಸಹಜ ಸಾವಿನ ಪ್ರಕರಣ. ಆಮೇಲೆ ಬಂದವರು ದನಿ ತಗ್ಗಿಸಿ 'ಯಾಕಂತೆ?' ಎನ್ನುತ್ತಾರೆ. ಅಂಥ ಮನೆಯವರ ಪಕ್ಕದಲ್ಲಿ ಅಂಥದೇ ನೋವುಂಡವರು ಬಂದು ಕೂರುವ ಪದ್ಧತಿ ಬೆಳೆದ ಬಗೆಯನ್ನು ಇವತ್ತು ಹೇಳಬೇಕೆಂದಿದ್ದೇನೆ.

1968ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯ ಆಸ್ಪತ್ರೆಯೊಂದರಲ್ಲಿ ಇಬ್ಬರು ಹುಡುಗರು ಹೆಚ್ಚು ದಿನಗಳ ಅಂತರವಿಲ್ಲದೆ ತೀರಿಕೊಂಡರು. ಲಾಲಿ ದಂಪತಿಯ ಮಗ ಶಾಲೆಯ ದಾರಿಯಲ್ಲಿ ಅಪಘಾತಕ್ಕೆ ಸಿಕ್ಕಿದ್ದ. ಹೆಂಡರ್ಸನ್ ದಂಪತಿಯ ಮಗನಿಗೆ ಕ್ಯಾನ್ಸರ್ ಇತ್ತು. ಎರಡೂ ಕುಟುಂಬಗಳಿಗೆ ಧೈರ್ಯ ಹೇಳುತ್ತಿದ್ದವರು ಆಸ್ಪತ್ರೆಯ ಯುವ ಪಾದ್ರಿ ಸೈಮನ್ ಸ್ಟೀಫನ್ಸ್. ಎರಡನೆಯ ಹುಡುಗನ ಅಂತ್ಯಕ್ರಿಯೆಗೆ ಲಾಲಿ ದಂಪತಿ ಹೂವು ಕಳಿಸಿದರು. ಅದಕ್ಕೆ ಕೃತಜ್ಞತೆ ಹೇಳಲು ಬಂದ ಫೋನು ಒಂದು ಸಂಜೆಯ ಚಹಾಕ್ಕೆ ದಾರಿಯಾಯಿತು. ಆ ನಾಲ್ವರು ಕೂತು ಮಕ್ಕಳ ಬಗ್ಗೆ ಮಾತಾಡಿದರು, ಅತ್ತರು. ಯಾರೂ ಮಾತು ಬದಲಿಸಲು ನೋಡಲಿಲ್ಲ. ಈ ನಾಲ್ವರು ಒಬ್ಬರಿಗೊಬ್ಬರು ಮಾಡಿದ್ದು ತನ್ನಿಂದ ಆಗದ ಕೆಲಸ ಎಂದು ಸ್ಟೀಫನ್ಸ್ ಕಂಡುಕೊಂಡರು. ಸಾಂತ್ವನ ಹೇಳುವುದೇ ಕಸುಬಾದ ಮನುಷ್ಯ ಹಾಗೆ ಒಪ್ಪಿಕೊಂಡಿದ್ದು ಸಣ್ಣ ಮಾತಲ್ಲ. 1969ರಲ್ಲಿ 'ಕಂಪ್ಯಾಷನೇಟ್ ಫ್ರೆಂಡ್ಸ್' ಎಂಬ ಬಳಗ ಹುಟ್ಟಿತು. 1972ರ ಹೊತ್ತಿಗೆ ಅಮೆರಿಕಕ್ಕೂ ಹೋಯಿತು.

1960ರ ದಶಕದಲ್ಲೇ ಅಮೆರಿಕದ ಬೋಸ್ಟನ್‌ನಲ್ಲಿ ಫಿಲಿಸ್ ಸಿಲ್ವರ್‌ಮನ್ ಎಂಬ ಸಂಶೋಧಕಿ ಇದೇ ತೀರ್ಮಾನಕ್ಕೆ ಬೇರೆ ದಾರಿಯಿಂದ ಬಂದಿದ್ದರು. ಗಂಡನನ್ನು ಕಳೆದುಕೊಂಡ ಹೆಂಗಸರಿಗೆ ಹೆಚ್ಚು ನೆರವಾದವರು ಯಾರೆಂದು ನೋಡಿದರೆ, ವೈದ್ಯರಿಗಿಂತ, ಪಾದ್ರಿಗಳಿಗಿಂತ ಇನ್ನೊಬ್ಬ ವಿಧವೆಯೇ ಮುಂದಿದ್ದಳು. ಸಿಲ್ವರ್‌ಮನ್ ವಿಧವೆಯರಿಗೇ ತರಬೇತಿ ಕೊಟ್ಟು ಹೊಸದಾಗಿ ಗಂಡನನ್ನು ಕಳೆದುಕೊಂಡವರ ಮನೆಗೆ ಕಳಿಸಿದರು. ಸಹಾಯ ಕೇಳಿಕೊಂಡು ಬರಲಿ ಎಂದು ಕಾಯಲಿಲ್ಲ. ಮೊದಲು ಕಾಗದ, ಆಮೇಲೆ ಭೇಟಿ. ನಮ್ಮ ಹಳ್ಳಿಯ ಅಜ್ಜಿಯರಿಗೆ ಇದರಲ್ಲಿ ಹೊಸದೇನೂ ಕಾಣದಿದ್ದರೆ ಆಶ್ಚರ್ಯವಿಲ್ಲ.

ಆತ್ಮಹತ್ಯೆಯ ಮನೆಗಳಿಗೆ ಮಾತ್ರ ಈ ಬಾಗಿಲು ತಡವಾಗಿ ತೆರೆಯಿತು. ಕಾರಣ ಕಾನೂನಿನಲ್ಲೂ ಇತ್ತು. ಇಂಗ್ಲೆಂಡಿನಲ್ಲಿ ಹೀಗೆ ಸತ್ತವರನ್ನು ದಾರಿ ಕೂಡುವಲ್ಲಿ ಹೂಳುವ ಪದ್ಧತಿ 1823ರವರೆಗೆ ಉಳಿದಿತ್ತು. 1870ರವರೆಗೆ ಅವರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿತ್ತು. ಹೋದವನಿಗೆ ಶಿಕ್ಷೆ ಕೊಡಲಾಗದೆ ಹೆಂಡತಿ ಮಕ್ಕಳಿಗೆ ಕೊಟ್ಟಂತಾಯಿತಲ್ಲ! ಆತ್ಮಹತ್ಯೆ ಅಪರಾಧವಲ್ಲ ಎಂದು ಅಲ್ಲಿ ಒಪ್ಪಿದ್ದು 1961ರಲ್ಲಿ.

ಲಾಸ್ ಏಂಜಲೀಸ್‌ನಲ್ಲಿ ಮನಶ್ಶಾಸ್ತ್ರಜ್ಞ ಎಡ್ವಿನ್ ಶ್ನೈಡ್‌ಮನ್ ಮತ್ತು ಸಂಗಡಿಗರು ಅಸ್ಪಷ್ಟ ಸಾವುಗಳ ಕಾರಣ ತಿಳಿಯಲು ಮನೆಮನೆಗೆ ಹೋಗಿ ವಿಚಾರಿಸುತ್ತಿದ್ದರು. ಸರ್ಕಾರಿ ಮರಣ ವಿಚಾರಣಾಧಿಕಾರಿಗೆ ಬೇಕಾದ ಮಾಹಿತಿ ಅದು. ತಪ್ಪು ಹೊರಿಸದೆ ಕೇಳಿಸಿಕೊಳ್ಳುವವರು ಸಿಕ್ಕಿದ್ದರಿಂದ ಮನೆಯವರ ಎದೆ ಒಂದಿಷ್ಟು ಹಗುರಾಗುವುದನ್ನು ಅವರು ಗಮನಿಸಿದರು. ಉಳಿದವರ ಆರೈಕೆಯೂ ಆತ್ಮಹತ್ಯೆ ತಡೆಯುವ ಕೆಲಸದ ಭಾಗವೇ ಎಂದು ಶ್ನೈಡ್‌ಮನ್ ವಾದಿಸಿದರು.

ಜಪಾನಿನಲ್ಲಿ ಆತ್ಮಹತ್ಯೆಯ ಸುತ್ತಲಿನ ಮೌನ ಒಡೆದವರು ಮಕ್ಕಳು. ತಂದೆ ಅಥವಾ ತಾಯಿ ಆತ್ಮಹತ್ಯೆ ಮಾಡಿಕೊಂಡಿದ್ದ ವಿದ್ಯಾರ್ಥಿಗಳು, ಅನಾಥ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಅಶಿನಾಗ ಸಂಸ್ಥೆಯ ಆಸರೆಯಲ್ಲಿ ಒಟ್ಟುಗೂಡಿ, 2002ರಲ್ಲಿ ತಮ್ಮ ಕಥೆಗಳ ಪುಸ್ತಕ ತಂದರು. ಕೆಲವರು ಹೆಸರನ್ನೂ ಮುಖವನ್ನೂ ಮುಚ್ಚಿಡಲಿಲ್ಲ. 2006ರಲ್ಲಿ ಅಲ್ಲಿ ಬಂದ ಆತ್ಮಹತ್ಯೆ ತಡೆ ಕಾಯ್ದೆ ಉಳಿದ ಕುಟುಂಬಗಳಿಗೆ ಬೆಂಬಲ ಕೊಡುವುದನ್ನೂ ಸೇರಿಸಿಕೊಂಡಿತು.

ಇನ್ನು ನಮ್ಮಲ್ಲಿ. ಆತ್ಮಹತ್ಯೆ ಯತ್ನವನ್ನು ಅಪರಾಧವೆನ್ನುವ 309ನೇ ಕಲಮು 1860ರ ದಂಡ ಸಂಹಿತೆಯೊಂದಿಗೆ ಬಂದದ್ದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದರ ಹಲ್ಲು ಕಿತ್ತಿತು. 2024ರ ಜುಲೈನಲ್ಲಿ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲ. ಮದುರೈಯ ಲೇಖಕಿ ನಂದಿನಿ ಮುರಳಿ 2017ರಲ್ಲಿ ಪತಿಯನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡರು. ಅದನ್ನು ಮುಚ್ಚಿಡದೆ, 'ಸ್ಪೀಕ್' ಎಂಬ ಉಪಕ್ರಮ ಶುರುಮಾಡಿ ತಮ್ಮಂಥವರ ಜೊತೆ ನಿಂತರು, 2021ರಲ್ಲಿ ಪುಸ್ತಕವನ್ನೂ ಬರೆದರು.

ಒಂದೇ ಬಗೆಯ ನೋವುಂಡವರು ಸೇರುವ ಇಂಥ ಕೂಟಗಳಲ್ಲಿ ನಡೆಯುವುದು ಬಹಳ ಸರಳ. ಮಾತಾಡಲೇಬೇಕೆಂಬ ಒತ್ತಾಯವಿಲ್ಲ. ಹೇಳಿದ್ದು ಹೊರಗೆ ಹೋಗುವಂತಿಲ್ಲ. ನನ್ನ ದುಃಖ ನಿಮ್ಮದಕ್ಕಿಂತ ದೊಡ್ಡದು ಎಂದು ತೂಗುವಂತಿಲ್ಲ. ಕಳೆದುಕೊಂಡು ವರ್ಷಗಳಾದವರು ನಿನ್ನೆ ಮೊನ್ನೆ ಕಳೆದುಕೊಂಡವರ ಪಕ್ಕ ಕೂರುತ್ತಾರೆ. ಸಿಟ್ಟು, 'ನಾನು ಅವತ್ತು ಫೋನು ಎತ್ತಿದ್ದರೆ' ಎಂಬ ಕೊರಗು, ಹೊರಗೆ ಹೇಳಲಾಗದ ನಿರಾಳ, ಯಾವುದಕ್ಕೂ ಅಲ್ಲಿ ಹುಬ್ಬು ಮೇಲೇರುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ದುಃಖ ತಡೆಯಲಾರದ ರಾತ್ರಿಗೆ ಅದು ಬೇಕು. ಆದರೆ ಅಲ್ಲಿ ಸಿಗುವವರು ತರಬೇತಾದ ಆಪ್ತಸಮಾಲೋಚಕರು. ಅದೇ ನೋವುಂಡವರು ಸಿಗಬೇಕಾದರೆ ಊರಿನಲ್ಲೇ ಯಾರಾದರೂ ಒಬ್ಬರು, ಕೊವೆಂಟ್ರಿಯ ಆ ದಂಪತಿಗಳ ಹಾಗೆ, ಇನ್ನೊಂದು ಮನೆಗೆ ತಾವಾಗಿ ಹೊರಡಬೇಕಾಗುತ್ತದೆ.