ಬೈಕ್ ಎಂಜಿನ್ನಿನ ಜ್ವರ ನೋಡುವ ಸೆನ್ಸರ್

(ಸಂಘದ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಇಂಥ ಸಭೆಗಳಲ್ಲಿ ವಿಜ್ಞಾನದ ಮಾತು ಬಂದರೆ ರಾಕೆಟ್ಟು, ಉಪಗ್ರಹ, ಕಂಪ್ಯೂಟರ್ ಎಂದು ಮೇಲೆ ಮೇಲೆ ಹೋಗುವುದು ವಾಡಿಕೆ. ನಾನು ಇಂದು ಹೆಬ್ಬೆರಳಿನಷ್ಟು ಉದ್ದದ ಒಂದು ಸಾಮಾನಿನ ಬಗ್ಗೆ ಮಾತಾಡುತ್ತೇನೆ. ಹೊರಗೆ ನಿಲ್ಲಿಸಿ ಬಂದಿರುವ ನಿಮ್ಮ ಹೊಸ ಬೈಕುಗಳಲ್ಲಿ ಹೆಚ್ಚಿನವುಗಳಲ್ಲಿ ಅದು ಇದೆ. ಎಂಜಿನ್ ಎಷ್ಟು ಕಾದಿದೆ ಎಂದು ನೋಡಿ ಹೇಳುವ ಟೆಂಪರೇಚರ್ ಸೆನ್ಸರ್.

ಇದು ಯಾಕೆ ಮುಖ್ಯವಾಯಿತು ಎಂಬುದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. ನಮ್ಮ ದೇಶದಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್.ಐ. 2006ರಲ್ಲಿಯೇ ಫ್ಯೂಯಲ್ ಇಂಜೆಕ್ಷನ್ ತಂದಿತ್ತು. ಆದರೆ ನಮ್ಮ ಕಡೆ ಕಾರ್ಬ್ಯುರೇಟರೇ ರಾಜನಾಗಿ ಉಳಿಯಿತು. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಜಾರಿಗೆ ಬಂದ ಮೇಲೆ ಹಾಲು ಹಾಕುವವರ ನೂರು ಸಿ.ಸಿ. ಗಾಡಿಯಲ್ಲಿಯೂ ಇಂಜೆಕ್ಟರ್ ಬಂತು. ಮೂವತ್ತು ವರ್ಷ ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ ಊದಿ, ಸ್ಕ್ರೂ ಒಂದೂವರೆ ಸುತ್ತು ತಿರುಗಿಸಿ ಕಿವಿಯಿಂದಲೇ ಟ್ಯೂನಿಂಗ್ ಮಾಡುತ್ತಿದ್ದ ನಮ್ಮ ಉಸ್ತಾದರ ಮುಂದೆ ಸ್ಕ್ರೂ ಇಲ್ಲದ ಎಂಜಿನ್ ಬಂದು ನಿಂತಿತು. "ಇದು ನಮ್ಮ ಕೈಯಲ್ಲಿ ಆಗುವುದಿಲ್ಲ, ಶೋರೂಮಿಗೆ ಒಯ್ಯಿರಿ" ಎಂದು ಅವರು ಹೇಳಿದಾಗಲೆಲ್ಲ ಒಂದು ದಿನದ ಕೂಲಿ ಗ್ಯಾರೇಜಿನಿಂದ ಹೊರಗೆ ಹೋಗುತ್ತದೆ. ನಮ್ಮ ಸಮಾಜದ ಎಷ್ಟು ಮನೆಗಳ ಒಲೆ ಗ್ಯಾರೇಜಿನಿಂದ ಉರಿಯುತ್ತದೆ ಎಂಬುದು ನಿಮಗೇ ಗೊತ್ತು. ಆದ್ದರಿಂದ ಈ ವಿಷಯ ಪುಸ್ತಕದ ವಿಷಯ ಮಾತ್ರವಲ್ಲ.

ಹಳೆಯ ಗಾಡಿಯಲ್ಲಿ ಚಳಿಗಾಲದ ಮುಂಜಾನೆ ಚೋಕ್ ಎಳೆಯುತ್ತಿದ್ದೆವು. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೆ ಹೆಚ್ಚು ಕೊಡಬೇಕು. ಕಾದ ಮೇಲೆ ಚೋಕ್ ಒಳಗೆ ದೂಡುತ್ತಿದ್ದೆವು. ಈಗ ಆ ಕೆಲಸವನ್ನು ಇ.ಸಿ.ಯು. ಎಂಬ ಪುಟ್ಟ ಕಂಪ್ಯೂಟರ್ ಮಾಡುತ್ತದೆ. ಅದಕ್ಕೆ ಕೈಯಿಲ್ಲ, ಮುಟ್ಟಿ ನೋಡಲು ಬಾರದು. ಸೆನ್ಸರ್ ಹೇಳಿದ್ದೇ ಅದಕ್ಕೆ ಸತ್ಯ. ಸೆನ್ಸರ್ "ಇನ್ನೂ ತಣ್ಣಗಿದೆ" ಎಂದರೆ ಪೆಟ್ರೋಲ್ ಹೆಚ್ಚು ಸುರಿಯುತ್ತದೆ.

ಸೆನ್ಸರಿನ ಒಳಗಿರುವುದು ಥರ್ಮಿಸ್ಟರ್ ಎಂಬ ಲೋಹದ ಆಕ್ಸೈಡಿನ ಸಣ್ಣ ಮಣಿ. ತಾಮ್ರದ ತಂತಿ ಕಾದರೆ ಅದರ ರೋಧ ಏರುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ್ದೇವೆ. ಈ ಮಣಿ ತದ್ವಿರುದ್ಧ, ಕಾದಷ್ಟೂ ರೋಧ ಇಳಿಯುತ್ತದೆ. ಇಂಥ ಗುಣವನ್ನು ಮೈಕೇಲ್ ಫ್ಯಾರಡೆ 1833ರಲ್ಲಿ ಸಿಲ್ವರ್ ಸಲ್ಫೈಡಿನಲ್ಲಿ ಮೊದಲು ಗಮನಿಸಿದರು. ನಮ್ಮ ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಸಹ ಚಿನ್ನದ ಗಣಿಯ ಎಂಜಿನಿಯರೇ ಹೊರತು ಶಾಸನ ಪಂಡಿತರಲ್ಲ. ಕಣ್ಣು ತೆರೆದಿಟ್ಟು ಕೆಲಸ ಮಾಡುವವರಿಗೆ ಹುಡುಕದಿದ್ದದ್ದೂ ಸಿಗುತ್ತದೆ. ಇರಲಿ, ವಿಷಯಕ್ಕೆ ಬರೋಣ.

ಲೆಕ್ಕಕ್ಕಾಗಿ ಒಂದು ಸೆನ್ಸರ್ ಇಟ್ಟುಕೊಳ್ಳೋಣ. 25 ಡಿಗ್ರಿಯಲ್ಲಿ ಅದರ ರೋಧ 2500 ಓಮ್. ಸಾಮಾನ್ಯ ಥರ್ಮಿಸ್ಟರಿನ ಸೂತ್ರದಂತೆ 80 ಡಿಗ್ರಿಗೆ ಅದು ಸುಮಾರು 400 ಓಮಿಗೆ ಇಳಿಯುತ್ತದೆ. ಬೇರೆ ಬೇರೆ ಗಾಡಿಗಳಲ್ಲಿ ಅಂಕಿ ಬೇರೆ, ನಡವಳಿಕೆ ಒಂದೇ. ಇ.ಸಿ.ಯು. 5 ವೋಲ್ಟನ್ನು ತನ್ನೊಳಗಿನ ಒಂದು ರೋಧದ ಮೂಲಕ ಸೆನ್ಸರಿಗೆ ಕಳಿಸಿ, ನಡುವೆ ಎಷ್ಟು ವೋಲ್ಟ್ ಉಳಿಯಿತು ಎಂದು ನೋಡಿ ಶಾಖವನ್ನು ಲೆಕ್ಕ ಹಾಕುತ್ತದೆ.

ಈಗ ಒಂದು ಗಾಡಿಯ ಕಥೆ. ಮಸ್ಕಿ ಕಡೆಯ ಒಬ್ಬ ರೈತರ ಬೈಕು. ಬೆಳಿಗ್ಗೆ ಒಂದೇ ಸೆಲ್ಫಿಗೆ ಶುರು. ಸಿಂಧನೂರಿಗೆ ಬಂದು, ಚಹಾ ಕುಡಿದು, ಹತ್ತು ನಿಮಿಷ ಬಿಟ್ಟು ಒತ್ತಿದರೆ ಶುರುವಾಗುವುದಿಲ್ಲ. ಪ್ಲಗ್ ಬಿಚ್ಚಿದರೆ ಕಪ್ಪಗೆ, ಒದ್ದೆ. ಮೈಲೇಜೂ ಬಿದ್ದಿತ್ತು. ಒಂದು ಕಡೆ ಪ್ಲಗ್ ಬದಲಾಯಿತು, ಇನ್ನೊಂದು ಕಡೆ ಬ್ಯಾಟರಿ. ಮೂರನೆಯ ಕಡೆ "ಇ.ಸಿ.ಯು. ಹೋಗಿದೆ" ಎಂಬ ತೀರ್ಪು ಬಂತು. ಅದರ ಬೆಲೆ ಕೇಳಿ ಆ ರೈತರು ಗಾಡಿ ಮಾರುವ ವಿಚಾರಕ್ಕೆ ಬಂದಿದ್ದರು. ಕೊನೆಗೆ ಒಬ್ಬ ಐ.ಟಿ.ಐ. ಹುಡುಗ ಸೆನ್ಸರಿನ ಕನೆಕ್ಟರ್ ಎಳೆದು ನೋಡಿದ. ಪಿನ್ನಿನ ಮೇಲೆ ಹಸಿರು ಕಿಲುಬು. ಕೆಸರು ಗದ್ದೆಯಿಂದ ಬಂದ ಗಾಡಿಗೆ ವಾರಕ್ಕೊಮ್ಮೆ ಪ್ರೆಷರ್ ಪಂಪಿನಿಂದ ವಾಟರ್ ಸರ್ವಿಸ್ ಮಾಡಿಸುತ್ತಿದ್ದರಂತೆ.

ಕಿಲುಬು ಏನು ಮಾಡುತ್ತದೆ? ಅದು ದಾರಿಯಲ್ಲಿ ಒಂದು ಹೆಚ್ಚಿನ ರೋಧವಾಗಿ ಕೂರುತ್ತದೆ. 300 ಓಮ್ ಎಂದುಕೊಳ್ಳಿ. ಬೆಳಿಗ್ಗೆ 25 ಡಿಗ್ರಿಯಲ್ಲಿ 2500 ಇರಬೇಕಾದದ್ದು 2800 ಆಗುತ್ತದೆ. ಇ.ಸಿ.ಯು. ಅದನ್ನು 22 ಡಿಗ್ರಿ ಎಂದು ಓದುತ್ತದೆ. ಮೂರು ಡಿಗ್ರಿ ತಪ್ಪು, ಯಾರಿಗೂ ಗೊತ್ತಾಗುವುದಿಲ್ಲ. ಅದೇ 80 ಡಿಗ್ರಿಯಲ್ಲಿ 400 ಇರಬೇಕಾದದ್ದು 700 ಆಗುತ್ತದೆ. ಅದು 61 ಡಿಗ್ರಿ ಎಂದು ಓದುತ್ತದೆ. ಹತ್ತೊಂಬತ್ತು ಡಿಗ್ರಿ ತಪ್ಪು! ಅದೇ ಕಿಲುಬು, ತಣ್ಣಗಿದ್ದಾಗ ಸಣ್ಣ ಸುಳ್ಳು, ಬಿಸಿಯಾದಾಗ ದೊಡ್ಡ ಸುಳ್ಳು. ಬೆಳಿಗ್ಗೆ ಸರಿ, ಚಹಾ ಆದ ಮೇಲೆ ಕಿರಿಕಿರಿ ಎಂಬ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಮೀಟರಿನಲ್ಲಿ ಎಚ್ಚರಿಕೆಯ ದೀಪ ಯಾಕೆ ಹತ್ತಲಿಲ್ಲ ಎಂದು ಕೇಳಬಹುದು. ತಂತಿ ಹರಿದರೆ ಅಥವಾ ಶಾರ್ಟ್ ಆದರೆ ದೀಪ ಹತ್ತುತ್ತದೆ. 61 ಡಿಗ್ರಿ ಎಂಬುದು ನಂಬಬಹುದಾದ ಅಂಕಿ, ಅದನ್ನು ಸುಳ್ಳೆಂದು ಹಿಡಿಯುವುದು ಆ ಸರಳ ತಪಾಸಣೆಗೆ ಆಗುವುದಿಲ್ಲ.

ಬಿಸಿ ಗಾಡಿ ಶುರುವಾಗದಿರಲು ಬೇರೆ ಕಾರಣಗಳೂ ಇವೆ. ಪೆಟ್ರೋಲ್ ಪಂಪು ಸೋತಿರಬಹುದು, ವಾಲ್ವಿನ ಗ್ಯಾಪ್ ಹೋಗಿರಬಹುದು. ಒದ್ದೆ ಪ್ಲಗ್ ಮಾತ್ರ ಹೆಚ್ಚು ಪೆಟ್ರೋಲಿನ ಕಡೆಗೆ ಬೆರಳು ತೋರಿಸುತ್ತದೆ.

ಇನ್ನು ಸೆನ್ಸರಿನ ವೇಗದ ಮಾತು. "ಸೆನ್ಸರ್ ಸ್ಲೋ ಆಗಿದೆ, ಫಾಸ್ಟ್ ಸೆನ್ಸರ್ ಹಾಕಿದರೆ ಪಿಕಪ್ ಬರುತ್ತದೆ" ಎಂದು ಹುಡುಗರು ಮಾತಾಡುವುದನ್ನು ಕೇಳಿದ್ದೇನೆ. ಇದನ್ನು ನಂಬುವ ಮೊದಲು ಅಳೆಯಿರಿ. ಸೆನ್ಸರನ್ನು ಒಮ್ಮೆಲೆ ಬಿಸಿಗೆ ಇಟ್ಟರೆ, ಒಟ್ಟು ಏರಬೇಕಾದ ಶಾಖದಲ್ಲಿ ನೂರಕ್ಕೆ 63 ಭಾಗ ಏರಲು ಹಿಡಿಯುವ ಸಮಯವೇ ಅದರ ಟೈಮ್ ಕಾನ್‌ಸ್ಟಂಟ್. ಇದನ್ನು ಅಳೆಯಲು ಗಡಿಗೆಯ ನೀರು, ಚಹಾ ಕಾಸುವ ಪಾತ್ರೆ, ಒಂದು ಥರ್ಮಾಮೀಟರ್, ಒಂದು ಮಲ್ಟಿಮೀಟರ್, ಮೊಬೈಲಿನ ಸ್ಟಾಪ್‌ವಾಚ್ ಇದ್ದರೆ ಸಾಕು. ಒಂದು ಪಾತ್ರೆಯಲ್ಲಿ 30 ಡಿಗ್ರಿ ನೀರು, ಇನ್ನೊಂದರಲ್ಲಿ 90 ಡಿಗ್ರಿ. ನಡುವಿನ ಅಂತರ 60, ಅದರ 63 ಭಾಗ ಎಂದರೆ ಸುಮಾರು 38. ಅಂದರೆ ಸೆನ್ಸರ್ 68 ಡಿಗ್ರಿ ಮುಟ್ಟಬೇಕು. ಮೊದಲು ನೀರನ್ನು 68ಕ್ಕೆ ತಂದು ಅಲ್ಲಿ ರೋಧ ಎಷ್ಟೆಂದು ಬರೆದಿಟ್ಟುಕೊಳ್ಳಿ. ಆಮೇಲೆ ತಣ್ಣೀರಿನಿಂದ ತೆಗೆದು ಬಿಸಿನೀರಿಗೆ ಅದ್ದಿ, ಮೀಟರು ಆ ಅಂಕಿ ತೋರಿಸುವವರೆಗೆ ಸೆಕೆಂಡು ಎಣಿಸಿ. ರೋಧದ ನೂರಕ್ಕೆ 63 ನೋಡಬೇಡಿ, ಶಾಖದ 63 ನೋಡಬೇಕು. ರೋಧ ನೇರ ಗೆರೆಯಲ್ಲಿ ಇಳಿಯುವುದಿಲ್ಲ. ಕನೆಕ್ಟರಿನ ಭಾಗ ನೀರಿಗೆ ತಾಗದಿರಲಿ.

ಹತ್ತು ಸೆಕೆಂಡು ಬಂತು ಎನ್ನಿ. ಎಂಜಿನ್ 30ರಿಂದ 90 ಡಿಗ್ರಿಗೆ ಐದು ನಿಮಿಷದಲ್ಲಿ ಕಾಯುತ್ತದೆ ಎಂದರೆ ಸೆಕೆಂಡಿಗೆ 0.2 ಡಿಗ್ರಿ. ಹತ್ತು ಸೆಕೆಂಡಿನ ಸೆನ್ಸರ್ ಎಂಜಿನ್ನಿಗಿಂತ ಎರಡು ಡಿಗ್ರಿ ಹಿಂದೆ ಓಡುತ್ತದೆ, ಅಷ್ಟೇ. ದುಬಾರಿ ಹಣ ಕೊಟ್ಟು ಐದು ಸೆಕೆಂಡಿನ ಸೆನ್ಸರ್ ತಂದರೆ ಉಳಿಯುವುದು ಒಂದು ಡಿಗ್ರಿ. ಇದರಿಂದ ಪಿಕಪ್ ಬರುವುದಿಲ್ಲ. ಆದರೆ ಸೆನ್ಸರ್ ತನ್ನ ಜಾಗದಲ್ಲಿ ಸಡಿಲವಾಗಿದ್ದು, ನಡುವೆ ಗಾಳಿ ನಿಂತು, ಹತ್ತು ಸೆಕೆಂಡು ನಲವತ್ತಾದರೆ ಎಂಟು ಡಿಗ್ರಿ ಹಿಂದೆ ಬೀಳುತ್ತದೆ. ಸಡಿಲ ಸೆನ್ಸರಿನ ತುದಿ ಹೊರಗಿನ ಗಾಳಿಗೂ ತಣಿಯುವುದರಿಂದ ಕೊನೆಗೂ ನಿಜವಾದ ಅಂಕಿ ಮುಟ್ಟದೆ ಉಳಿಯುವುದೂ ಉಂಟು. ಆದ್ದರಿಂದ ಹೊಸ ಸೆನ್ಸರ್ ಕೊಳ್ಳುವುದಕ್ಕಿಂತ ಇರುವ ಸೆನ್ಸರ್ ಕೂರುವ ಜಾಗವನ್ನು ಶುದ್ಧ ಮಾಡುವುದೇ ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆ ಮಾಡುವಾಗ ಗಾಡಿ ಪೂರ್ತಿ ತಣ್ಣಗಾಗಿರಬೇಕು. ಥ್ರೆಡ್ಡಿನ ಮಸಿ, ಹಳೆಯ ಪೇಸ್ಟು ಒರೆಸಿ, ಹೊಸ ವಾಷರ್ ಹಾಕಿ, ಕಂಪನಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಅಲ್ಯೂಮಿನಿಯಂ ಥ್ರೆಡ್ಡು, ಜೋರು ತೋರಿಸಿದರೆ ಕಿತ್ತು ಬರುತ್ತದೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಇಲ್ಲಿ ಸುತ್ತಬೇಡಿ. ಒಂದೇ ತಂತಿಯ ಸೆನ್ಸರಿಗೆ ಎಂಜಿನ್ನಿನ ಮೈಯೇ ಅರ್ಥಿಂಗ್, ಟೇಪು ಅದನ್ನು ಕಡಿಯುತ್ತದೆ. ಎರಡು ತಂತಿಯದ್ದರಲ್ಲಿ ಶಾಖದ ದಾರಿಗೆ ಅಡ್ಡ ನಿಲ್ಲುತ್ತದೆ. ಎಣ್ಣೆಯಲ್ಲಿ ಮುಳುಗಿರುವ ಸೆನ್ಸರಿಗೆ ಬೇರೇನೂ ಬೇಡ. ಹೆಡ್ಡಿನ ಒಣ ತೂತಿನಲ್ಲಿ ಕೂರುವ ಸೆನ್ಸರಾದರೆ, ಕಂಪನಿಯ ಪುಸ್ತಕ ಒಪ್ಪಿದಲ್ಲಿ, ತುದಿಗೆ ಥರ್ಮಲ್ ಪೇಸ್ಟನ್ನು ತೆಳ್ಳಗೆ ಸವರಬಹುದು. ಗಾಳಿಗಿಂತ ಅದು ಶಾಖವನ್ನು ಇಪ್ಪತ್ತು ಮೂವತ್ತು ಪಟ್ಟು ಚೆನ್ನಾಗಿ ದಾಟಿಸುತ್ತದೆ. ಕನೆಕ್ಟರಿನ ಪಿನ್ನಿಗೆ ಮಾತ್ರ ಅದನ್ನು ಹಚ್ಚಬಾರದು, ಅಲ್ಲಿಗೆ ಬೇಕಾದದ್ದು ಕಾಂಟ್ಯಾಕ್ಟ್ ಕ್ಲೀನರ್, ಮತ್ತು ರಬ್ಬರ್ ಸೀಲು ಹರಿದಿದ್ದರೆ ಹೊಸ ಸೀಲು.

ನಮ್ಮ ಎರೆಮಣ್ಣಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಾಲುವೆಯ ಬದಿಯಲ್ಲಿ, ಕ್ಯಾಂಪುಗಳ ರಸ್ತೆಯಲ್ಲಿ ಓಡಾಡುವ ಗಾಡಿಯ ಸಿಲಿಂಡರಿನ ರೆಕ್ಕೆಗಳ ನಡುವೆ ಈ ಮಣ್ಣು ಮೆತ್ತಿ ಇಟ್ಟಿಗೆಯಂತಾಗುತ್ತದೆ. ನೆಲ್ಲಿನ ಸುಗ್ಗಿಯಲ್ಲಿ ಹೊಟ್ಟು ಬೇರೆ. ಗಾಳಿ ಆಡದೆ ಎಂಜಿನ್ ನಿಜವಾಗಿಯೇ ಕಾಯುತ್ತದೆ. ಆಗ ಸೆನ್ಸರ್ ಹೆಚ್ಚು ಶಾಖ ತೋರಿಸಿದರೆ ಅದು ಸತ್ಯವನ್ನೇ ಹೇಳುತ್ತಿದೆ! ಮಣ್ಣನ್ನು ನೆನೆಸಿ, ಕಡ್ಡಿಯಿಂದ ಮೆಲ್ಲಗೆ ಬಿಡಿಸಿ. ಪ್ರೆಷರ್ ನೀರನ್ನು ಕನೆಕ್ಟರಿನ ಕಡೆ ತಿರುಗಿಸಬೇಡಿ.

ಸ್ಕ್ಯಾನರ್ ಇರುವ ಗ್ಯಾರೇಜಿಗೆ ಒಂದು ಖರ್ಚಿಲ್ಲದ ಪರೀಕ್ಷೆ ಇದೆ. ರಾತ್ರಿಯಿಡೀ ನಿಂತ ಗಾಡಿಗೆ ಬೆಳಿಗ್ಗೆ ಬಿಸಿಲು ತಾಗುವ ಮೊದಲು ಕೀ ಮಾತ್ರ ಹಾಕಿ, ಎಂಜಿನ್ನಿನ ಶಾಖ ಮತ್ತು ಒಳಬರುವ ಗಾಳಿಯ ಶಾಖ ಎರಡನ್ನೂ ಓದಿ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಆದರೆ ಕಿಲುಬಿನ ಗಾಡಿ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ ಎಂಬುದನ್ನು ಮೇಲಿನ ಲೆಕ್ಕದಲ್ಲಿ ನೋಡಿದೆವು. ಅದಕ್ಕೆ ಬಿಸಿ ಇದ್ದಾಗಲೂ ಅಳೆಯಬೇಕು. ಕೀ ತೆಗೆದು, ಇ.ಸಿ.ಯು. ಕನೆಕ್ಟರ್ ಬಿಚ್ಚಿ, ಅಲ್ಲಿಂದ ಸೆನ್ಸರಿನ ರೋಧ ನೋಡಿ. ಕೂಡಲೇ ಸೆನ್ಸರಿನ ಕಾಲುಗಳಲ್ಲೇ ನೋಡಿ. ವ್ಯತ್ಯಾಸ ಬಂದರೆ ತಪ್ಪು ದಾರಿಯದ್ದು, ಸೆನ್ಸರಿನದ್ದಲ್ಲ.

ಕೆಲವರು ಸೆನ್ಸರಿನ ತಂತಿಗೆ ಒಂದು ರೆಸಿಸ್ಟರ್ ಬೆಸುಗೆ ಹಾಕಿ "ಪವರ್ ಕಿಟ್" ಎಂದು ಮಾರುತ್ತಾರೆ. ಅದು ಕಿಲುಬು ಮಾಡುವ ಕೆಲಸವನ್ನೇ ದುಡ್ಡು ತೆಗೆದುಕೊಂಡು ಮಾಡುತ್ತದೆ. ಹೆಚ್ಚಿನ ಪೆಟ್ರೋಲ್ ಎಣ್ಣೆಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರನ್ನು ಅತಿಯಾಗಿ ಕಾಯಿಸಿ ಸುಡುತ್ತದೆ. ಗಿರಾಕಿ ತಾನೇ ಕೇಳಿಕೊಂಡು ಬಂದರೂ ಹಾಕಬೇಡಿ.

ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಓಣಿಯ ಗ್ಯಾರೇಜಿನಲ್ಲಿ ಬದಲಾಯಿಸಿ ಬಿಸಾಡಿದ ಸೆನ್ಸರುಗಳು ಡಬ್ಬಿಯಲ್ಲಿ ಬಿದ್ದಿರುತ್ತವೆ. ಕೇಳಿ ತನ್ನಿ. ನೀರಿನ ಪ್ರಯೋಗ ಮಾಡಿ, 30ರಿಂದ 90ರವರೆಗೆ ಹತ್ತು ಹತ್ತು ಡಿಗ್ರಿಗೆ ರೋಧ ಬರೆದು, ಗಾಡಿಯ ಮಾದರಿಯ ಹೆಸರು ಸೇರಿಸಿ ಒಂದು ಪಟ್ಟಿ ಮಾಡಿ, ಉಸ್ತಾದರ ಗೋಡೆಗೆ ಅಂಟಿಸಿ. ಬಿಸಾಡಿದ್ದರಲ್ಲಿ ಎಷ್ಟು ಸರಿ ಇದ್ದವು ಎಂಬುದನ್ನೂ ಅದರ ಕೆಳಗೆ ಬರೆಯಿರಿ.

ಮಲ್ಟಿಮೀಟರ್ ಮತ್ತು ಎರಡು ಸೆನ್ಸರ್ ತಂದಿದ್ದೇನೆ, ಊಟದ ನಂತರ ಹಿಂದಿನ ಕೋಣೆಯಲ್ಲಿ ಮಾಡಿ ನೋಡಬಹುದು.