ನರಕೋಶದ ಬಾಗಿಲು ಕಾಯುವವರು



ಕ್ಯಾಲ್ಸಿಯಂ ಎಂದೊಡನೆ ನಮಗೆ ಹಾಲು, ರಾಗಿ, ಮೂಳೆ ನೆನಪಾಗುತ್ತವೆ. ಆದರೆ ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದಕ್ಕೂ ಕ್ಯಾಲ್ಸಿಯಂ ಬೇಕು. ನರಕೋಶದ ಒಳಗಿರುವುದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು ಕ್ಯಾಲ್ಸಿಯಂ ಅದರ ಹೊರಗಿರುತ್ತದೆ. ನಡುವಿನ ಪೊರೆಯಲ್ಲಿ ಪುಟ್ಟ ಬಾಗಿಲುಗಳಿವೆ. ಇವೇ ಕ್ಯಾಲ್ಸಿಯಂ ಚಾನೆಲ್‌ಗಳು. ವಿದ್ಯುತ್ ಸಂಕೇತ ಬಂದಾಗ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆಗ ನರದ ತುದಿಯಿಂದ ರಾಸಾಯನಿಕ ಸಂದೇಶ ಹೊರಡುತ್ತದೆ.

ನಮ್ಮ ಸೊಸೈಟಿಗಳಲ್ಲಿ ಗೇಟ್ ಇದ್ದರೆ ಸಾಲದು, ವಾಚ್‌ಮನ್ ಬೇಕು. ಇಲ್ಲಿಯೂ ಹಾಗೆಯೇ. ಆ ಕೆಲಸ ನಿಯಂತ್ರಕ ಪ್ರೋಟೀನುಗಳದು. ಆಲ್ಫಾ-2-ಡೆಲ್ಟಾ ಎಂಬ ಪ್ರೋಟೀನು ಕೋಶದೊಳಗೆ ತಯಾರಾದ ಬಾಗಿಲುಗಳನ್ನು ಪೊರೆಗೆ ತಲುಪಿಸಲು ನೆರವಾಗುತ್ತದೆ. ಕ್ಯಾಲ್ಮೊಡ್ಯುಲಿನ್ ಒಳಬಂದ ಕ್ಯಾಲ್ಸಿಯಂನ ಸುಳಿವು ಹಿಡಿದು, ಬಾಗಿಲು ಮುಚ್ಚಿಸುತ್ತದೆ.

ಈ ವಿದ್ಯೆಗೆ ಮುಂಬಯಿಯ ನಂಟೂ ಇದೆ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಒಬೈದ್ ಸಿದ್ದಿಕಿ ಅವರು ಅಣುಜೀವಶಾಸ್ತ್ರ ವಿಭಾಗ ಕಟ್ಟಿದರು. ಬಾಳೆಹಣ್ಣಿನ ಮೇಲೆ ಮುತ್ತುವ ಪುಟ್ಟ ನೊಣಗಳಲ್ಲಿ ನರಗಳ ಅಧ್ಯಯನ ನಡೆಯಿತು. ಮುಂದೆ ಅದೇ ಸಂಸ್ಥೆಯ ಜೀವವಿಜ್ಞಾನ ಕೇಂದ್ರ ಬೆಂಗಳೂರಿನಲ್ಲಿ ಬೆಳೆಯಿತು. ಅಲ್ಲಿನ ವಿಜ್ಞಾನಿ ಗೈತಿ ಹಸನ್ ಮತ್ತು ಸಂಗಡಿಗರು 2016ರಲ್ಲಿ ಒಂದು ಸೊಗಸಾದ ಸಂಗತಿ ಪ್ರಕಟಿಸಿದರು. ಓರೈ ಎಂಬ ಕ್ಯಾಲ್ಸಿಯಂ ಬಾಗಿಲು ಸಾಮಾನ್ಯವಾಗಿ ಕೋಶದ ಒಳದಾಸ್ತಾನು ಬರಿದಾದಾಗ ತೆರೆಯುತ್ತದೆ. ಸೆಪ್ಟಿನ್-7 ಎಂಬ ಪ್ರೋಟೀನು ಕಡಿಮೆಯಾದರೆ, ದಾಸ್ತಾನು ಇದ್ದರೂ ನೊಣದ ನರಕೋಶದಲ್ಲಿ ಅದು ತೆರೆದುಕೊಳ್ಳುತ್ತದೆ! ಅಂದರೆ ಕಾವಲುಗಾರ ಸರಿದರೆ ಬಾಗಿಲಿಗೆ ಹಿಡಿತವಿಲ್ಲ.

ಇದರಿಂದ ನಮಗೇನು ಎನ್ನುತ್ತೀರಾ? ಸಕ್ಕರೆ ಕಾಯಿಲೆಯ ಅಂಗಾಲುರಿ, ಸರ್ಪಸುತ್ತಿನ ನಂತರ ಉಳಿಯುವ ನೋವು ನಮ್ಮಲ್ಲಿ ಎಷ್ಟು ಜನರಿಗಿಲ್ಲ! ಹೊರಗೆ ಗಾಯ ಕಾಣದ್ದರಿಂದ "ಎಲ್ಲ ನಿನ್ನ ಭ್ರಮೆ" ಎನ್ನುತ್ತಾರೆ. ನಾವೂ "ವಯಸ್ಸಾಯಿತು" ಎಂದು ಸುಮ್ಮನಾಗುತ್ತೇವೆ. ಭ್ರಮೆಯಲ್ಲ ಅದು. ನರಕ್ಕೆ ಪೆಟ್ಟಾದರೆ ಆಲ್ಫಾ-2-ಡೆಲ್ಟಾ ಹೆಚ್ಚುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಬಾಗಿಲು ಹೆಚ್ಚಿದಷ್ಟೂ ನೋವಿನ ಸುದ್ದಿ ಹೆಚ್ಚು. ವೈದ್ಯರು ಕೊಡುವ ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಮಾತ್ರೆಗಳು ಹಿಡಿದುಕೊಳ್ಳುವುದು ಇದೇ ಪ್ರೋಟೀನನ್ನು. ಗ್ಯಾಬಾಪೆಂಟಿನ್ ಇಲ್ಲಿಗೆ ಅಂಟುತ್ತದೆಂದು ತಿಳಿದದ್ದು 1996ರಲ್ಲಿ.

ಆದ್ದರಿಂದ ಕೆಲವು ಮಾತು ನೆನಪಿಡಿ. ಇವು ಕ್ಯಾಲ್ಸಿಯಂ ಮಾತ್ರೆಗಳಲ್ಲ, ಒಂದರ ಬದಲು ಇನ್ನೊಂದು ನುಂಗುವಂತಿಲ್ಲ. ಇವುಗಳಿಂದ ತಲೆಸುತ್ತು, ತೂಕಡಿಕೆ ಬರಬಹುದು. ಲೋಕಲ್ ಟ್ರೇನ್ ಹತ್ತುವಾಗ, ಮೆಟ್ಟಿಲಿಳಿಯುವಾಗ ಜೋಪಾನ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ, ಹಾಗಾಗಿ ಪಕ್ಕದ ಮನೆಯವರ ಮಾತ್ರೆ ಬೇಡವೇ ಬೇಡ. ನೋವು ಕಡಿಮೆಯಾಯಿತೆಂದು ಥಟ್ಟನೆ ನಿಲ್ಲಿಸಲೂಬೇಡಿ. ವೈದ್ಯರು ಹೇಳಿದಂತೆ ಹಂತಹಂತವಾಗಿ ಬಿಡಬೇಕು.

ಮನೆಮಂದಿಯ ನೋವಿಗೆಲ್ಲ ಓಡುವ ನಾವು ನಮ್ಮ ನೋವನ್ನೂ ಬಾಯಿಬಿಟ್ಟು ಹೇಳೋಣ.